ಮೋಟಾರಿನ ನಿಯಮ: ತಪಾಸಣೆಯೋ, ವಿನಿಮಯವೋ?

ಸ್ಲಾಟ್ ಕಾರ್ ಪಂದ್ಯದ ಒಂದು ವಿಭಾಗಕ್ಕೆ ಯಾವ ಮೋಟಾರನ್ನು ಒಪ್ಪಬೇಕು ಎಂಬ ಪ್ರಶ್ನೆಗೆ ಸಾಹಿತ್ಯಾಸಕ್ತರ ಈ ಅಂಗಳದಲ್ಲಿ ಏನು ಕೆಲಸ ಎಂದು ಓದುಗರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ನಮ್ಮ ಸಮರ್ಥನೆ ಇಷ್ಟೇ: ಒಂಬತ್ತು ಮಂದಿ ಸ್ನೇಹಿತರು ಕೂಡಿ ಆಡುವ ಆಟಕ್ಕೆ ನಿಯಮ ಬರೆಯುವುದು ನಾವು ಈತನಕ ಕೈಹಾಕಿದ ಗದ್ಯಪ್ರಕಾರಗಳಲ್ಲೆಲ್ಲ ಕಠಿಣವಾದದ್ದು. ಕವಿತೆಯಲ್ಲಿ ಒಂದು ಮಾತಿಗೆ ಎರಡು ಅರ್ಥವಿದ್ದರೆ ಅದನ್ನು ಧ್ವನಿ ಎನ್ನುತ್ತೇವೆ. ನಿಯಮದಲ್ಲಿ ಇದ್ದರೆ ಜಗಳ ಎನ್ನುತ್ತೇವೆ. ಸಾಹಿತ್ಯದ ತರಗತಿಯಲ್ಲಿ ಮೊದಲನೆಯದನ್ನು ಕಲಿತು, ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಕಡತಗಳಲ್ಲಿ ಎರಡನೆಯದನ್ನು ನೋಡುತ್ತಿರುವವರಿಗೆ ಈ ವಿಷಯದಲ್ಲಿ ಒಂದಿಷ್ಟು ಹೇಳುವುದಿದೆ.

ಆಟವನ್ನು ಕಾಣದವರಿಗಾಗಿ ಎರಡು ಮಾತು. ಸ್ಲಾಟ್ ಕಾರ್ ಎಂಬುದು ನಿಜವಾದ ಕಾರಿನ ಮೂವತ್ತೆರಡನೆಯ ಒಂದು ಅಳತೆಯ, ಅಂಗೈಯಲ್ಲಿ ಹಿಡಿಸುವ ವಿದ್ಯುತ್ ಕಾರು. ಟ್ರ್ಯಾಕಿನ ಉದ್ದಕ್ಕೂ ಒಂದು ಸೀಳು. ಕಾರಿನ ಮೂತಿಯ ಅಡಿಯಲ್ಲಿ ಆ ಸೀಳಿಗೆ ಇಳಿಯುವ ಒಂದು ನಾಲಗೆ. ಸೀಳಿನ ಎರಡೂ ಬದಿಗೆ ಕರೆಂಟು ಹರಿಯುವ ಲೋಹದ ಪಟ್ಟಿ. ಆಡುವವರ ಕೈಯಲ್ಲಿರುವುದು ಒಂದು ಟ್ರಿಗರ್ ಮಾತ್ರ. ಒತ್ತಿದಷ್ಟೂ ವೇಗ, ಬಿಟ್ಟರೆ ತಡೆ. ತಿರುವಿನಲ್ಲಿ ಹದ ಮೀರಿದರೆ ಕಾರು ಸೀಳು ಬಿಟ್ಟು ಹಾರಿ ಗೋಡೆಗೋ ಪಕ್ಕದವರ ಚಹಾದ ಲೋಟಕ್ಕೋ ಬಡಿಯುತ್ತದೆ. 1957ರಲ್ಲಿ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬಾತ ತನ್ನ ಕೀಲಿಕೊಡುವ ಆಟಿಕೆ ಕಾರುಗಳಿಗೆ ಮೋಟಾರು ಜೋಡಿಸಿ 'ಸ್ಕೇಲೆಕ್ಸ್‌ಟ್ರಿಕ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ ಈ ಆಟ ಮನೆಮನೆಗೆ ಹಬ್ಬಿತು. ದೆಹಲಿಯ ಸರ್ಕಾರಿ ವಸತಿಗೃಹಗಳಲ್ಲಿ ಚದುರಿಕೊಂಡಿರುವ ನಾವು ಒಂಬತ್ತು ಮಂದಿ, ಅದರಲ್ಲಿ ಐವರು ಕನ್ನಡಿಗರು, ತಿಂಗಳಿಗೆ ಎರಡು ಭಾನುವಾರ ಒಬ್ಬರ ಮನೆಯ ಬರಸಾತಿಯಲ್ಲಿ ನಾಲ್ಕು ಲೇನಿನ ಟ್ರ್ಯಾಕು ಹಾಸಿ ಇದನ್ನು ಆಡುತ್ತೇವೆ.

ಚುಕ್ಕಾಣಿಯೇ ಇಲ್ಲದ ಈ ವಾಹನದಲ್ಲಿ ಆಟಗಾರನ ಜಾಣ್ಮೆಗೂ ಗೆಲುವಿಗೂ ನಡುವೆ ನಿಂತಿರುವ ದೊಡ್ಡ ವಸ್ತು ಮೋಟಾರು. ಪೆಟ್ಟಿಗೆಯಲ್ಲಿ ಕಾರಿನೊಂದಿಗೇ ಬರುವ ಸಾಮಾನ್ಯ ಮೋಟಾರು 12 ವೋಲ್ಟಿಗೆ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಮೋಟಾರಿನ ತುದಿಗೆ ಒಂಬತ್ತು ಹಲ್ಲಿನ ಪಿನಿಯನ್, ಅಚ್ಚಿಗೆ 27 ಹಲ್ಲಿನ ಚಕ್ರ ಎಂದಾದರೆ ಹಿಂದಿನ ಗಾಲಿ ಸೆಕೆಂಡಿಗೆ ನೂರು ಸುತ್ತು ಹಾಕಬೇಕು. 20 ಮಿಲಿಮೀಟರ್ ವ್ಯಾಸದ ಟೈರಿಗೆ ಅದು ಸೆಕೆಂಡಿಗೆ ಆರು ಮೀಟರಿಗೂ ಸ್ವಲ್ಪ ಹೆಚ್ಚು. ಕಾಗದದ ಮೇಲಿನ ಲೆಕ್ಕ ಇದು. ಘರ್ಷಣೆ ತನ್ನ ಪಾಲನ್ನು ಕೇಳುತ್ತದೆ. ಆದರೂ ಅನುಪಾತ ಸುಳ್ಳಲ್ಲ. ಅದೇ ಕಾರಿಗೆ 25,000 ಸುತ್ತಿನ ಮೋಟಾರು ಕೂರಿಸಿದರೆ ನೇರದಾರಿಯಲ್ಲಿ ಅದರ ಗರಿಷ್ಠ ವೇಗ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ. ಇಷ್ಟು ಅಂತರವನ್ನು ಯಾವ ಕೈಚಳಕವೂ ತುಂಬಿಕೊಡಲಾರದು.

ಕಳೆದ ನವೆಂಬರಿನಲ್ಲಿ ನಮ್ಮ ಕಾಲೊನಿಯ ಹುಡುಗನೊಬ್ಬ ಹುಟ್ಟುಹಬ್ಬಕ್ಕೆ ಬಂದ ಕಾರನ್ನು ಪೆಟ್ಟಿಗೆಯ ಸಮೇತ ತಂದು ನಮ್ಮೊಡನೆ ಕೂಡಿಕೊಂಡ. ಕೈ ಚೆನ್ನಾಗಿತ್ತು, ತಿರುವಿನಲ್ಲಿ ಟ್ರಿಗರ್ ಬಿಡುವ ಕ್ಷಣ ಅವನಿಗೆ ಯಾರೂ ಹೇಳಿಕೊಡದೆ ಒಲಿದಿತ್ತು. ಆದರೆ ಅಷ್ಟರಲ್ಲಾಗಲೇ ಇಬ್ಬರು ಸದಸ್ಯರು ವಿದೇಶದಿಂದ ವೇಗದ ಮೋಟಾರು ತರಿಸಿಕೊಂಡಿದ್ದರು. ಹುಡುಗ ಮೂರು ಭಾನುವಾರ ಬಂದ, ಮೂರೂ ಸಲ ಕೊನೆಯವನಾದ. ನಾಲ್ಕನೆಯ ಸಲ ಪರೀಕ್ಷೆ ಇದೆ ಎಂದು ಹೇಳಿಕಳುಹಿಸಿದ. ಬೋರ್ಡ್ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಆ ಇಬ್ಬರೂ ಯಾವ ನಿಯಮವನ್ನೂ ಮುರಿದಿರಲಿಲ್ಲ, ಮುರಿಯಲು ನಿಯಮವೇ ಇರಲಿಲ್ಲ. ಈಗ ಒಂದನ್ನು ಬರೆಯೋಣ ಎಂಬ ಮಾತು ಎದ್ದಿದೆ. ಎಂತಹುದನ್ನು ಎಂಬಲ್ಲಿ ಮಾತು ನಿಂತಿದೆ.

ಇದು ನಮಗೆ ಮಾತ್ರ ಬಂದ ಸಂಕಟವಲ್ಲ. 1960ರ ದಶಕದ ನಡುವಿನಲ್ಲಿ ಅಮೆರಿಕದ ಊರೂರುಗಳಲ್ಲಿ ಸ್ಲಾಟ್ ಕಾರಿನ ವಾಣಿಜ್ಯ ಟ್ರ್ಯಾಕುಗಳು ತಲೆಯೆತ್ತಿದ್ದವು. ಶಾಲೆ ಬಿಟ್ಟ ಮಕ್ಕಳು ಜೇಬಿನ ಪುಡಿಗಾಸು ಕೊಟ್ಟು ಗಂಟೆಯ ಲೆಕ್ಕದಲ್ಲಿ ಓಡಿಸುತ್ತಿದ್ದರು. ಜಪಾನಿನ ಮಬೂಚಿ ಕಂಪನಿಯ ಅಗ್ಗದ ಮೋಟಾರುಗಳು ಆ ಆಟದ ಬೆನ್ನೆಲುಬು. ಆದರೆ ಬೇಗನೆ ಕುಶಲಿಗಳು ಆ ಮೋಟಾರುಗಳ ಹೊಟ್ಟೆ ಬಗೆದು, ಒಳಗಿನ ತಂತಿ ಬಿಚ್ಚಿ, ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತತೊಡಗಿದರು. ನಮ್ಮ ಯಾವುದೇ ತಾಲ್ಲೂಕು ಕೇಂದ್ರದಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವವನ ಅಂಗಡಿಯ ಮುಂದೆ ಕುಳಿತವರಿಗೆ ತಂತಿಯ ದಪ್ಪ, ಸುತ್ತಿನ ಲೆಕ್ಕ ಎಂಬ ಮಾತುಗಳು ಹೊಸವಲ್ಲ. ಸುತ್ತು ತಗ್ಗಿದರೆ ವೇಗ ಏರುತ್ತದೆ, ಕರೆಂಟೂ ಏರುತ್ತದೆ, ಕಾವೂ ಏರುತ್ತದೆ. ಅಮೆರಿಕದಲ್ಲಿ ಈ ವಿದ್ಯೆಯೇ ಒಂದು ಉದ್ಯಮವಾಯಿತು. ವಾರವಾರವೂ ಹಿಂದಿನ ವಾರದ ಮೋಟಾರು ಹಳತಾಯಿತು. ದಶಕ ಮುಗಿಯುವ ಹೊತ್ತಿಗೆ ಆ ಟ್ರ್ಯಾಕುಗಳಲ್ಲಿ ಬಹುಪಾಲು ಬಾಗಿಲು ಹಾಕಿದ್ದವು. ಕಾರಣಗಳು ಹಲವು, ಆದರೆ ಹೊಸದಾಗಿ ಬಂದ ಹುಡುಗನಿಗೆ ಗೆಲ್ಲುವುದಿರಲಿ, ಮುಂದಿನವರ ಕಾರನ್ನು ಕಣ್ಣಿನಲ್ಲಿ ಹಿಡಿಯುವುದೂ ಆಗದಂತಾದದ್ದು ಅವುಗಳಲ್ಲೊಂದು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆ ಧಾರೆಯ ಇಂದಿನ ತುದಿಯನ್ನು ನೋಡಬೇಕಾದರೆ ಅಲ್ಲಿನ ಮುಕ್ತ ವಿಭಾಗದ ಕಾರುಗಳನ್ನು ನೋಡಬೇಕು: 155 ಅಡಿಯ ಟ್ರ್ಯಾಕನ್ನು ಒಂದೂವರೆ ಸೆಕೆಂಡಿನೊಳಗೆ ಸುತ್ತಿ ಬರುತ್ತವೆ. ಅದ್ಭುತ, ನಿಜ. ಆದರೆ ಅದನ್ನು ಆಡುವವರು ಎಷ್ಟು ಮಂದಿ?

ಅಲ್ಲಿನವರು ಸುಮ್ಮನೆ ಕೂರಲಿಲ್ಲ. ಗ್ರೂಪ್ 12, ಗ್ರೂಪ್ 20, ಗ್ರೂಪ್ 27 ಎಂದು ವಿಭಾಗ ಮಾಡಿದರು. ಗ್ರೂಪ್ 12 ಎಂದರೆ 29 ಗೇಜಿನ ತಂತಿ, 50 ಸುತ್ತು. ಓದಲು ಇದಕ್ಕಿಂತ ಸ್ಪಷ್ಟವಾದ ನಿಯಮವಿಲ್ಲ. ಆದರೆ ಸುತ್ತು ಎಣಿಸುವುದು ಹೇಗೆ? ಬಿಚ್ಚಿ ಎಣಿಸಿದರೆ ಮೋಟಾರೇ ಹೋಯಿತು. ಆದ್ದರಿಂದ ತಯಾರಕರು ತಂತಿಯ ಅಡಿಯಲ್ಲಿ ಗುರುತಿನ ಚೀಟಿ ಇಟ್ಟು ಸುತ್ತಬೇಕಾಯಿತು, ಪಂದ್ಯದ ಮುನ್ನ ಅದನ್ನು ನೋಡಲು ಒಬ್ಬರು ಬೇಕಾಯಿತು, ನೋಡುವವರನ್ನು ನಂಬಲು ಉಳಿದವರು ಬೇಕಾಯಿತು. ದೊಡ್ಡ ಸಂಘಟನೆಗೆ ಇದೆಲ್ಲ ಸಲ್ಲುತ್ತದೆ. ಬರಸಾತಿಯಲ್ಲಿ ಸೇರುವ ಒಂಬತ್ತು ಮಂದಿಗೆ?

ನಮ್ಮ ಗುಂಪಿನಲ್ಲಿ ಈಗ ಹೆಚ್ಚು ಬೆಂಬಲವಿರುವುದು ಸುತ್ತಿನ ಮಿತಿಗೆ. ಅಂದರೆ, ಯಾವ ಕಂಪನಿಯ ಮೋಟಾರಾದರೂ ಸರಿ, 12 ವೋಲ್ಟಿಗೆ 20,000 ಸುತ್ತು ಮೀರಬಾರದು. ಗಾಲಿಯನ್ನು ಗಾಳಿಯಲ್ಲಿ ಬಿಟ್ಟು ಓಡಿಸಿ, ಸದ್ದನ್ನು ಕೇಳಿ ಸುತ್ತಿನ ಲೆಕ್ಕ ಹೇಳುವ ಆ್ಯಪ್ ಒಂದನ್ನು ಮೊಬೈಲಿನಲ್ಲಿ ಹಾಕಿಕೊಂಡರೆ ಸಾಕು ಎಂಬುದು ವಾದ. ಕೇಳಲು ಸೊಗಸಾಗಿದೆ, ನಾವು ಇದನ್ನು ಒಪ್ಪುವುದಿಲ್ಲ.

ಭಾರ ಹೊರದ ಮೋಟಾರಿನ ಸುತ್ತು ಭಾರ ಹೊತ್ತಾಗಿನ ಬಲವನ್ನು ಹೇಳುವುದಿಲ್ಲ ಎಂಬುದು ಮೊದಲ ತೊಡಕು. ಇಂತಹ ಮೋಟಾರಿನಲ್ಲಿ ಅಯಸ್ಕಾಂತ ಪ್ರಬಲವಾದಷ್ಟೂ ಭಾರವಿಲ್ಲದಾಗಿನ ಸುತ್ತು ತಗ್ಗುತ್ತದೆ, ಎಳೆತ ಮತ್ತು ತಡೆ ಹೆಚ್ಚುತ್ತವೆ. ಅಯಸ್ಕಾಂತ ಸೊರಗಿದರೆ ಸುತ್ತು ಏರುತ್ತದೆ. ಹೀಗಾಗಿ ಆ್ಯಪಿನ ಮುಂದೆ ವಿನಯದಿಂದ 19,500 ತೋರಿಸುವ ಮೋಟಾರೇ ತಿರುವು ಮುಗಿದ ಕೂಡಲೇ ಎಲ್ಲರನ್ನೂ ಹಿಂದಿಕ್ಕಬಹುದು. ಮಿತಿ ದಾಟಿತೆಂದು ನಾವು ಹೊರಗಿಟ್ಟ ಮೋಟಾರು ಮುದಿ ಅಯಸ್ಕಾಂತದ ಬಡಪಾಯಿಯೂ ಆಗಿರಬಹುದು. ಎರಡನೆಯದು ಕಾವು. ತಾಮ್ರದ ತಂತಿಯ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.4ರಷ್ಟು ಏರುತ್ತದೆ, ಇಂತಹ ಮೋಟಾರುಗಳ ಸಾಮಾನ್ಯ ಫೆರೈಟ್ ಅಯಸ್ಕಾಂತದ ಬಲ ಪ್ರತಿ ಡಿಗ್ರಿಗೆ ಶೇಕಡಾ 0.2ರಷ್ಟು ಕುಗ್ಗುತ್ತದೆ. ಎಂಟು ಡಿಗ್ರಿಯ ಜನವರಿಯ ಬೆಳಗು ಮತ್ತು 44 ಡಿಗ್ರಿಯ ಮೇ ತಿಂಗಳ ಮಧ್ಯಾಹ್ನ ಎರಡನ್ನೂ ಕಾಣುವ ದೆಹಲಿಯ ಬರಸಾತಿಯಲ್ಲಿ ಒಂದೇ ಮೋಟಾರು ಎರಡು ಮೋಟಾರಾಗುತ್ತದೆ. ಪಂದ್ಯಕ್ಕೆ ಮುನ್ನ ತಣ್ಣಗಿದ್ದಾಗ ಒಂದು ಅಂಕಿ, ಹತ್ತು ನಿಮಿಷ ಓಡಿದ ಮೇಲೆ ಇನ್ನೊಂದು. ಯಾವುದನ್ನು ಬರೆದುಕೊಳ್ಳೋಣ? 19,900 ಬಂದವರು ಒಳಗೆ, 20,100 ಬಂದವರು ಹೊರಗೆ ಎಂದಾಗ, ಹೊರಗಾದವರು ಮೊಬೈಲನ್ನು ಇನ್ನಷ್ಟು ಹತ್ತಿರ ಹಿಡಿಯಿರಿ ಎನ್ನದೆ ಇರುತ್ತಾರೆಯೆ?

ಕರಾವಳಿಯ ಕಂಬಳದಲ್ಲಿ ಕನೆ ಹಲಗೆ ಎಂಬ ವಿಭಾಗವಿದೆ. ಕೋಣಗಳು ಓಡುವಾಗ ಹಲಗೆಯಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಿತೇ ಎಂಬುದೇ ಅಲ್ಲಿ ಪರೀಕ್ಷೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರಗಳುಂಟು. ದಡದ ಎರಡೂ ಕಡೆ ನಿಂತವರ ಕಣ್ಣಮುಂದೆಯೇ ಬಟ್ಟೆ ಒದ್ದೆಯಾಗುತ್ತದೆ. ತೀರ್ಪುಗಾರರು ಇದ್ದಾರೆ, ನಿಜ. ಆದರೆ ಅವರು ಕಂಡದ್ದನ್ನು ಎಲ್ಲರೂ ಕಂಡಿರುತ್ತಾರೆ. ಮೋಟಾರಿನ ಒಳಗಿನ ಸಂಗತಿಗೆ ಇಂತಹ ನಿಶಾನೆ ಕಟ್ಟುವುದು ಸಾಧ್ಯವಿಲ್ಲ. ಕಾಣದ ವಸ್ತುವಿಗೆ ಮಿತಿ ಹಾಕಿದ ಮರುದಿನವೇ ಇನ್ಸ್‌ಪೆಕ್ಟರೊಬ್ಬರು ಬೇಕಾಗುತ್ತಾರೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾವು ಬೇರೇನು ಕಂಡಿಲ್ಲವಾದರೂ ಇದನ್ನು ಕಂಡಿದ್ದೇವೆ. ಕಚೇರಿಯಲ್ಲಿ ಇನ್ಸ್‌ಪೆಕ್ಟರು ಇರಲಿ, ಅಲ್ಲಿ ಜನರ ತೆರಿಗೆಯ ಹಣದ ಪ್ರಶ್ನೆಯಿದೆ. ಭಾನುವಾರದ ಮಧ್ಯಾಹ್ನ ಒಬ್ಬ ಸ್ನೇಹಿತ ಇನ್ನೊಬ್ಬ ಸ್ನೇಹಿತನ ಕಾರಿನ ಹೊಟ್ಟೆಯನ್ನು ಶಂಕೆಯಿಂದ ನೋಡುವ ಆಟ ನಮಗೆ ಬೇಡ.

ಹಾಗಾದರೆ ಮೊಹರು ಮಾಡಿದ ಮೋಟಾರು? ಪೆಟ್ಟಿಗೆಯಲ್ಲಿ ಬಂದ ಮೋಟಾರನ್ನು ಯಾರೂ ತೆರೆಯಕೂಡದು ಎಂದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಅರ್ಧ ಸರಿ. ಡಬ್ಬಿಯ ಅಂಚಿನ ಮಡಿಕೆಗಳನ್ನು ಎತ್ತಿದರೆ ಗುರುತು ಉಳಿಯುತ್ತದೆ ಎಂಬುದೂ ನಿಜ. ಆದರೆ ತೆರೆಯದೆಯೇ ಮಾಡಬಹುದಾದ ಉಪಚಾರಗಳು ಕಡಿಮೆಯೇನಲ್ಲ. ಕಡಿಮೆ ವೋಲ್ಟಿನಲ್ಲಿ ಗಂಟೆಗಟ್ಟಲೆ ಓಡಿಸಿ, ಕೆಲವರು ನೀರಿನಲ್ಲಿ ಮುಳುಗಿಸಿಯೂ ಓಡಿಸಿ, ಕಾರ್ಬನ್ ಬ್ರಷ್ಷುಗಳನ್ನು ಕಮ್ಯುಟೇಟರಿಗೆ ಒಗ್ಗಿಸುತ್ತಾರೆ. ಅಯಸ್ಕಾಂತಕ್ಕೆ ಹೊರಗಿನಿಂದಲೇ ಬಲ ತುಂಬುವ ಯಂತ್ರಗಳಿವೆ. ಎಲ್ಲಕ್ಕಿಂತ ಸುಲಭದ ದಾರಿ ಹಣದ್ದು: ಹತ್ತು ಮೋಟಾರು ಕೊಂಡು, ಹತ್ತನ್ನೂ ಓಡಿಸಿ ನೋಡಿ, ಒಳ್ಳೆಯದೊಂದನ್ನು ಇಟ್ಟುಕೊಳ್ಳುವುದು. ಒಂದೇ ಕಾರ್ಖಾನೆಯ ಒಂದೇ ದಿನದ ಮೋಟಾರುಗಳೂ ಅವಳಿಜವಳಿಗಳಲ್ಲ. ಹೀಗೆ ಆರಿಸಿಕೊಂಡವರ ಮೋಟಾರು ಪೂರ್ಣ ನಿಯಮಬದ್ಧ. ಮೊಹರಿನ ನಿಯಮವೊಂದೇ ಇದ್ದರೆ ಕೈಚಳಕದ ಸ್ಪರ್ಧೆ ಕೈಕಾಸಿನ ಸ್ಪರ್ಧೆಯಾಗುತ್ತದೆ.

ನಮ್ಮ ಪಕ್ಷ ಇದು: ಮೋಟಾರನ್ನು ತಪಾಸಣೆಗೆ ಒಳಪಡಿಸುವ ಬದಲು ವಿನಿಮಯಕ್ಕೆ ಒಳಪಡಿಸೋಣ. ಪೆಟ್ಟಿಗೆಯಲ್ಲಿ ಬರುವ 18,000 ಸುತ್ತಿನ ಮೋಟಾರೊಂದೇ ಮಾನ್ಯ. ಪಂದ್ಯ ಮುಗಿದ ಮೇಲೆ ಗೆದ್ದವರ ಮೋಟಾರನ್ನು ಉಳಿದವರಲ್ಲಿ ಯಾರು ಬೇಕಾದರೂ ನಿಗದಿತ ಬೆಲೆ ಕೊಟ್ಟು ಕೇಳಬಹುದು, ಗೆದ್ದವರು ಕೊಡತಕ್ಕದ್ದು. ಇಬ್ಬರು ಕೇಳಿದರೆ ಆ ದಿನ ಹಿಂದೆ ಉಳಿದವರಿಗೆ ಆದ್ಯತೆ. ಇದು ನಮ್ಮ ಆವಿಷ್ಕಾರವಲ್ಲ. ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ನಿಜವಾದ ಕಾರುಗಳ ಪಂದ್ಯಕ್ಕೆ ಈ ಪದ್ಧತಿ ಹಳೆಯದು. ಅಲ್ಲಿ ಎಂಜಿನ್ನನ್ನೇ ಹೀಗೆ ಕೇಳುತ್ತಾರೆ. ಇದರ ಸೊಗಸು ಎಂದರೆ, ಏನನ್ನೂ ಅಳೆಯಬೇಕಾಗಿಲ್ಲ. ವಾರವಿಡೀ ನಿದ್ದೆಗೆಟ್ಟು ಬ್ರಷ್ಷು ಒಗ್ಗಿಸಿದವರನ್ನು ಯಾರೂ ತಡೆಯುವುದಿಲ್ಲ. ಆದರೆ ಆ ಶ್ರಮದ ಫಲ ಭಾನುವಾರ ಸಂಜೆ ಪಕ್ಕದ ಮನೆಯ ಹುಡುಗನ ಕಾರಿಗೆ ಹೋಗಬಹುದೆಂಬುದು ಗೊತ್ತಿರುವಾಗ, ಎಷ್ಟು ನಿದ್ದೆ ಕೆಡಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಹತ್ತರಲ್ಲಿ ಒಂದನ್ನು ಆರಿಸುವವರಿಗೂ ಇದೇ ಲೆಕ್ಕ. ಇನ್ನು ಹೊಸಬರು: ಅವರು ಪೆಟ್ಟಿಗೆ ಬಿಚ್ಚಿದ ದಿನವೇ ಪಂದ್ಯಕ್ಕೆ ಅರ್ಹರು. ನಮ್ಮ ಮಟ್ಟಿಗೆ ಮೋಟಾರಿನ ಯಾವುದೇ ನಿಯಮಕ್ಕೆ ಮೊದಲ ಪರೀಕ್ಷೆ ಇದು.

ಇದಕ್ಕಿಂತ ಶುದ್ಧವಾದ ದಾರಿ ಇಲ್ಲವೆ ಎಂದರೆ, ಇದೆ. ಎಷ್ಟೋ ದೊಡ್ಡ ಪಂದ್ಯಗಳಲ್ಲಿ ಆಯೋಜಕರೇ ಮೋಟಾರುಗಳನ್ನು ಕೊಂಡಿಟ್ಟು, ಆ ದಿನ ಚೀಟಿ ಎತ್ತಿ ಹಂಚಿ, ಮುಗಿದ ಮೇಲೆ ಹಿಂದಕ್ಕೆ ಪಡೆಯುತ್ತಾರೆ. ತತ್ತ್ವ ಒಂದೇ: ತನ್ನದಾಗಿ ಉಳಿಯದ ಮೋಟಾರನ್ನು ಯಾರೂ ಸಾಕುವುದಿಲ್ಲ. ಆದರೆ ಒಂಬತ್ತು ಕಾರುಗಳ ಮೋಟಾರು ಬಿಚ್ಚಿ ಬೇರೆ ಕೂರಿಸುವುದೆಂದರೆ ಹದಿನೆಂಟು ಕಡೆ ಬೆಸುಗೆ ಬಿಡಿಸಿ ಮತ್ತೆ ಹಾಕಬೇಕು. ನಮ್ಮಲ್ಲಿರುವುದು ಒಂದೇ ಸೋಲ್ಡರಿಂಗ್ ಕಡ್ಡಿ, ಅದನ್ನು ಕೈನಡುಗದೆ ಹಿಡಿಯಬಲ್ಲವರು ಇಬ್ಬರು. ಪಂದ್ಯ ಶುರುವಾಗುವ ಹೊತ್ತಿಗೆ ಊಟದ ಹೊತ್ತು ಮೀರಿರುತ್ತದೆ. ಬೆಲೆ ಕೊಟ್ಟು ಕೇಳುವ ಪದ್ಧತಿಯಲ್ಲಿ ಬೆಸುಗೆಯ ಕೆಲಸ ಎರಡೇ ಕಾರಿಗೆ, ಅದೂ ಚಹಾ ಕುಡಿಯುತ್ತ, ಅದೂ ಯಾರಾದರೂ ಕೇಳಿದರೆ ಮಾತ್ರ.

ಭಾಷೆಯ ಬಗ್ಗೆ ಒಂದು ಮಾತು. ಕರಡಿನಲ್ಲಿ ಒಬ್ಬರು ಮೋಟಾರಿನ ಹೆಸರಿನ ಮುಂದೆ 'ಅಥವಾ ತತ್ಸಮಾನ' ಎಂದು ಸೇರಿಸಿದ್ದಾರೆ. ಅವರೂ ನಮ್ಮಂತೆ ಟೆಂಡರು ಬರೆಯುವವರು. ಕೈ ತನ್ನಷ್ಟಕ್ಕೆ ಬರೆದಿದೆ. ಸರ್ಕಾರಿ ಖರೀದಿಯಲ್ಲಿ ಒಂದೇ ಕಂಪನಿಯ ಹೆಸರು ಹಿಡಿಯುವುದು ಸಲ್ಲದು, ಆ ಎರಡು ಪದ ಅಲ್ಲಿ ನ್ಯಾಯದ ಕಾವಲುಗಾರ. ಇಲ್ಲಿ ಅದೇ ಎರಡು ಪದ ಹಿತ್ತಿಲ ಬಾಗಿಲು. ತತ್ಸಮಾನವೇ ಅಲ್ಲವೇ ಎಂದು ಯಾರು ಹೇಳಬೇಕು? ಮತ್ತೆ ಮೊಬೈಲು, ಮತ್ತೆ ಇನ್ಸ್‌ಪೆಕ್ಟರು. ಮೋಟಾರಿನ ಹೆಸರನ್ನೂ ಕಂಪನಿಯ ಸಂಖ್ಯೆಯನ್ನೂ ನೇರವಾಗಿ ಬರೆದು ಅಲ್ಲಿಗೆ ಪೂರ್ಣವಿರಾಮ ಹಾಕಬೇಕು. ಆ ಮೋಟಾರು ಸಿಗದಂತಾದ ದಿನ ನಿಯಮವನ್ನೇ ಬದಲಿಸೋಣ.

ನಮ್ಮ ವಿರುದ್ಧ ನಿಲ್ಲುವವರಲ್ಲಿ ಒಬ್ಬರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆವು. ನಿವೃತ್ತಿಗೆ ಹತ್ತಿರವಿರುವ ಈ ಹಿರಿಯರು ಕನ್ನಡಕದ ಮೇಲೆ ಮತ್ತೊಂದು ಕನ್ನಡಕ ಹಾಕಿಕೊಂಡು ಕೂದಲೆಳೆಯಂಥ ತಂತಿಯನ್ನು ತಾವೇ ಸುತ್ತುತ್ತಾರೆ. ಅವರಿಗೆ ಟ್ರ್ಯಾಕು ನೆಪ, ಮೋಟಾರೇ ಆಟ. ಅವರು ಸುತ್ತಿದ ಮೋಟಾರಿನ ಸದ್ದು ಶ್ರುತಿ ಕೂಡಿದ ತಂಬೂರಿಯ ಹಾಗಿರುತ್ತದೆ ಎಂದರೆ ಉತ್ಪ್ರೇಕ್ಷೆಯಾಗದು. 'ಎಲ್ಲರಿಗೂ ಒಂದೇ ಮೋಟಾರು ಎಂದರೆ ಎಲ್ಲರಿಗೂ ಒಂದೇ ಪದ್ಯ ಕೊಟ್ಟು ಓದಿಸಿದ ಹಾಗೆ, ಬರೆಯುವವನು ಎಲ್ಲಿ ಹೋಗಬೇಕು?' ಎಂಬುದು ಅವರ ಪ್ರಶ್ನೆ. ಇದಕ್ಕೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ಟೈರು ಉಜ್ಜಿ ಸಮಗೊಳಿಸುವುದು, ಅಚ್ಚು ಸಡಿಲ ಮಾಡುವುದು, ಹಲ್ಲಿನ ಅನುಪಾತ ಬದಲಿಸುವುದು, ತೂಕವನ್ನು ಎಲ್ಲಿಡಬೇಕೆಂದು ಹುಡುಕುವುದು, ಇವೆಲ್ಲ ಮುಕ್ತವಾಗಿಯೇ ಇರುತ್ತವೆ, ಮತ್ತು ತಿರುವಿನ ವೇಗವನ್ನು ಮೋಟಾರಿಗಿಂತ ಇವೇ ಹೆಚ್ಚು ನಿರ್ಧರಿಸುತ್ತವೆ. ಆದರೂ ಅದು ಅವರು ಕೇಳಿದ್ದಲ್ಲ ಎಂಬುದು ನಮಗೆ ತಿಳಿದಿದೆ.

ಆದ್ದರಿಂದ ಎರಡು ತಿಂಗಳಿಗೊಮ್ಮೆ ಒಂದು ಮುಕ್ತ ಪಂದ್ಯ ಇರಲಿ ಎಂದು ನಾವೇ ಸೂಚಿಸಿದ್ದೇವೆ. ಯಾವ ತಂತಿ, ಎಷ್ಟು ಸುತ್ತು, ಯಾವ ಅಯಸ್ಕಾಂತ ಎಂದು ಯಾರೂ ಕೇಳುವಂತಿಲ್ಲ. ಒಂದೇ ಕಟ್ಟು: ಪ್ರತಿ ಲೇನಿನ ತಂತಿಯಲ್ಲೂ ಒಂದೇ ಬಗೆಯ ಫ್ಯೂಸ್. ಹಸಿದ ಮೋಟಾರು ಮಿತಿಮೀರಿ ಕರೆಂಟು ಕುಡಿದರೆ ಫ್ಯೂಸು ಹೋಗುತ್ತದೆ, ಕಾರು ನಿಲ್ಲುತ್ತದೆ, ಹೊಸ ಫ್ಯೂಸು ಹಾಕುವಷ್ಟು ಹೊತ್ತಿಗೆ ಉಳಿದವರು ಎರಡು ಸುತ್ತು ಮುಂದಿರುತ್ತಾರೆ. ಫ್ಯೂಸಿಗೆ ಯಾರ ಮುಖದ ಪರಿಚಯವೂ ಇಲ್ಲ. ಹಿರಿಯರಿಗೆ ಈ ಮಾತು ಸ್ವಲ್ಪ ಹಿಡಿಸಿದಂತಿದೆ. ಎಷ್ಟು ಆಂಪಿಯರ್ ಎಂದು ಈಗಾಗಲೇ ಎರಡು ಸಲ ಫೋನು ಮಾಡಿದ್ದಾರೆ.

ಉಳಿದಿರುವುದು ಬೆಲೆ. ಕರಡಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಗೆದ್ದವರ ಶ್ರಮಕ್ಕೆ ಗೌರವವಿರಲಿ, ಹೊಸ ಮೋಟಾರಿನ ಎರಡರಷ್ಟು ಇಡೋಣ ಎಂದು ಇಬ್ಬರು ಹೇಳುತ್ತಿದ್ದಾರೆ. ನಾವು ಒಪ್ಪಲಾರೆವು. ಎರಡರಷ್ಟು ಇಟ್ಟರೆ ಕೇಳುವ ಧೈರ್ಯ ಇರುವವರು ಮೊದಲೇ ಹತ್ತು ಮೋಟಾರು ಕೊಳ್ಳಬಲ್ಲವರು. ತೀರಾ ಕಡಿಮೆ ಇಟ್ಟರೆ ಗೆದ್ದವರು ಮುಂದಿನ ಪಂದ್ಯಕ್ಕೆ ಹೊಸದನ್ನು ಸ್ವಂತ ಕೈಯಿಂದ ತರಬೇಕು. ಗೆಲುವಿಗೆ ದಂಡ ಕಟ್ಟಿದಂತಾದೀತು. ಹೊಸ ಮೋಟಾರೊಂದು ಅಂಚೆವೆಚ್ಚ ಮತ್ತು ಸುಂಕ ಸೇರಿ ನಮ್ಮ ಬಾಗಿಲಿಗೆ ಬಂದು ಬೀಳುವಾಗ ಎಷ್ಟಾಗುತ್ತದೋ ಅಷ್ಟು, ಒಂದು ಪೈಸೆ ಹೆಚ್ಚಲ್ಲ, ಒಂದು ಪೈಸೆ ಕಡಿಮೆಯಲ್ಲ. ಹದಿನೆಂಟು ತುಂಬದವರಿಗೆ ಅದರ ಅರ್ಧವನ್ನು ಗುಂಪಿನ ಚಹಾದ ಡಬ್ಬಿಯಿಂದ ಕೊಡಬೇಕೆಂಬ ಒಂದು ಸಾಲನ್ನು ನಾವು ಪೆನ್ಸಿಲಿನಲ್ಲಿ ಬರೆದಿದ್ದೇವೆ. ಬರುವ ಭಾನುವಾರ ಪಂದ್ಯಕ್ಕೆ ಮುನ್ನ ಇದು ಮತಕ್ಕೆ ಬರುತ್ತದೆ. ಹುಡುಗನಿಗೂ ಹೇಳಿಕಳುಹಿಸಿದ್ದೇವೆ, ಅವನ ಬೋರ್ಡ್ ಪರೀಕ್ಷೆ ಈಗ ನಿಜಕ್ಕೂ ಮುಗಿದಿದೆ.